ಕೊನೇ ಬಸ್ಸು ತಪ್ಪಿಸುವ ಸಂಘ

ಮೊನ್ನೆ ಭಾನುವಾರ ಗುರುತು ಪರಿಚಯವಿಲ್ಲದ ಒಬ್ಬ ಗಂಡಸಿಗೆ ನಾನು ದೋಸೆ ತಿನ್ನಿಸಿದೆ. ಒಂದೆರಡಲ್ಲ. ಅವರು ಕೈ ಅಡ್ಡ ಹಿಡಿದರು, ಬಿಡಲಿಲ್ಲ. ತಟ್ಟೆ ಹಿಂದಕ್ಕೆಳೆದುಕೊಂಡರು, ಅಲ್ಲಿಗೂ ಎಸೆದೆ. "ಸಾಕು ಕಣ್ ಮೇಡಮ್ಮೋರೇ, ಉಸ್ರು ಕಟ್ತದೆ" ಎಂದರು ಪಾಪ. ಕಟ್ಟಲಿ ಎಂದೇ ನನ್ನ ಆಸೆಯಾಗಿತ್ತು!

ಗಾಬರಿಯಾಗಬೇಡಿ. ಮೊದಲಿಂದ ಹೇಳುತ್ತೇನೆ.

ಹುಣಸೂರಿನಲ್ಲಿ ಓದುವಾಗ ನಾನಿದ್ದ ಹುಡುಗಿಯರ ಹಾಸ್ಟೆಲ್ ಇನ್ನೂ ಇದೆ. ನಮ್ಮ ಹಳಬರದ್ದೊಂದು ವಾಟ್ಸಾಪ್ ಗ್ರೂಪೂ ಇದೆ. (ಬೆಳಿಗ್ಗೆ ಗುಲಾಬಿ ಹೂವು, ರಾತ್ರಿ ಮಂಡಿನೋವಿಗೆ ಮನೆಮದ್ದು.) ಪ್ರತಿ ವರ್ಷ ಹಾಸ್ಟೆಲ್ಲಿಗೆ ಏನಾದರೂ ಕೊಡುತ್ತೇವೆ. ಈ ಸಲ ಏನು ಕೊಡೋಣ ಎಂದು ತಿಂಗಳಿಡೀ ಜಗಳವಾಡಿ, ಕೊನೆಗೆ ದೊಡ್ಡದೊಂದು ಕಬ್ಬಿಣದ ದೋಸೆ ಹಂಚು ಎಂದು ತೀರ್ಮಾನವಾಯಿತು. ನಮ್ಮ ಕಾಲದಲ್ಲಿ ಬೆಳಗಾದರೆ ಉಪ್ಪಿಟ್ಟು. ಆ ಸೇಡು ತೀರಿಸಿಕೊಳ್ಳುವುದು ಬೇಡವೇ?

ನನ್ನ ಮನೆಯವರು ಕೇಳುತ್ತಾರೆ, "ಮೂರು ವರ್ಷ ಇದ್ದ ಹಾಸ್ಟೆಲ್ಲಿಗೆ ಇಷ್ಟೊಂದು ಯಾಕೆ?" ಅವರಿಗೆ ಹೇಗೆ ಹೇಳಲಿ? ನಾನು ಡಿಗ್ರಿ ಮುಗಿಸಿದ್ದೇ ಒಂದು ಬಸ್ಸು ತಪ್ಪಿದ್ದರಿಂದ.

ನಾನು ಎರಡನೇ ವರ್ಷದಲ್ಲಿದ್ದಾಗ ಅಪ್ಪ ಪಿರಿಯಾಪಟ್ಟಣದ ಕಡೆಯ ನಮ್ಮ ಹಳ್ಳಿಯಿಂದ ಬಂದುಬಿಟ್ಟರು. ಓದಿದ್ದು ಸಾಕು, ಗಂಡು ಗೊತ್ತಾಗಿದೆ, ಪೆಟ್ಟಿಗೆ ಕಟ್ಟು. ನಾನು ಅಳುತ್ತಾ ಕಟ್ಟುತ್ತಿದ್ದೆ. ಆಗ ನನ್ನ ಸೀನಿಯರ್, ಎಚ್.ಡಿ. ಕೋಟೆಯ ಗಿರಿಜಕ್ಕ ಜಗಲಿಗೆ ಬಂದು ಅಪ್ಪನ ಮುಂದೆ ಕೂತರು. "ಅಪ್ಪಾಜಿ, ಹೊಗೆಸೊಪ್ಪು ಒಣಗ್ಸೋ ಬ್ಯಾರನ್ನಿಗೆ ಏರ್ಸುದ್ಮೇಲೆ ಬಿಸಿ ಎಷ್ಟು ಮಡಗ್ಬೇಕು? ನಮ್ಮನೇಲಿ ಯಾಕೋ ಎಲೆ ಬಣ್ಣಾನೇ ಬತ್ತಿಲ್ಲ."

ಆಯಿತಲ್ಲ! ಅಪ್ಪ ಶುರುಮಾಡಿದರು. ಸಸಿ ಮಡಿಯಿಂದ ಹಿಡಿದು ಹರಾಜಿನವರೆಗೆ ಹೇಳಿ ಮುಗಿಸುವಷ್ಟರಲ್ಲಿ ಊರಿನ ಕೊನೇ ಬಸ್ಸು ಹೋಗಿತ್ತು. ತಾನೊಬ್ಬನಾದರೆ ಅಪ್ಪ ಯಾವುದೋ ಲಾರಿ ಹತ್ತಿ ಹೋದಾರು, ವಯಸ್ಸಿಗೆ ಬಂದ ಮಗಳನ್ನು ಹತ್ತಿಸಿಕೊಂಡಾರೇ? "ಮುಂದಿನ್ ವಾರ ಬತ್ತೀನಿ" ಎಂದು ಹೋದರು. ಮುಂದಿನ ವಾರ ಇನ್ನೊಬ್ಬಳು ಸೀನಿಯರ್ ಇನ್ನೊಂದು ಪ್ರಶ್ನೆ ಹಿಡಿದು ಕಾದಿದ್ದಳು. ಅಷ್ಟರಲ್ಲಿ ಆ ಗಂಡಿಗೆ ಬೇರೆ ಕಡೆ ಹೆಣ್ಣು ಸಿಕ್ಕಿತು, ನನಗೆ ಮೂರನೇ ವರ್ಷ ಸಿಕ್ಕಿತು.

ಹಾಸ್ಟೆಲ್ಲಿನಲ್ಲಿ ಇದಕ್ಕೆ ಹೆಸರೇ ಇತ್ತು. 'ಬಸ್ ತಪ್ಪಿಸೋದು.' ಇವತ್ತು ನನಗಾಗಿ ನೀನು, ನಾಳೆ ಇನ್ನೊಬ್ಬಳಿಗಾಗಿ ನಾನು. ಚಂದಾ ಎತ್ತಿ ಹಂಚು ಕೊಡುವುದೆಲ್ಲ ಆಮೇಲೆ ಬಂದ ನಾಟಕ ಬಿಡಿ.

ಈಗ ಮೊನ್ನೆಗೆ ಬನ್ನಿ. ಗಿರಿಜಕ್ಕ (ಈಗ ರಿಟೈರ್ಡ್ ಟೀಚರು), ಕೆ.ಆರ್. ನಗರದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ನನ್ನ ಕ್ಲಾಸ್‌ಮೇಟ್ ಪುಷ್ಪ ಮತ್ತು ನಾನು ಹಂಚು ಹೊತ್ತುಕೊಂಡು ಹೋದೆವು. ಹೊಸ ಹಂಚು, ಮೊದಲ ದೋಸೆ ಏಳಲೇ ಇಲ್ಲ. ಪುಷ್ಪ ಈರುಳ್ಳಿ ಉಜ್ಜಿದಳು, ಎಣ್ಣೆ ಸುರಿದಳು, ಬೈದಳು. ಬೈದ ಮೇಲೆ ಎದ್ದಿತು. ಹುಡುಗಿಯರು ಕೇಕೆ ಹಾಕಿದರು.

ಒಬ್ಬಳು ಮಾತ್ರ ಮೂಲೆಯಲ್ಲಿ ಬ್ಯಾಗ್ ಪಕ್ಕ ಪುಸ್ತಕ ಹಿಡಿದು ಕೂತಿದ್ದಳು. ಕಣ್ಣು ಊದಿತ್ತು. ಹೆಸರು ಚಂದನ, ಕೊನೇ ವರ್ಷದ ಬಿ.ಕಾಂ. ವಾರ್ಡನ್ ಪಿಸುಗುಟ್ಟಿದರು. ನಾಳೆ ಸೋಮವಾರ ಅವಳಿಗೆ ಫೈನಲ್ ಎಕ್ಸಾಮ್ ಶುರು. ನಾಳೆಯೇ ಬೆಳಿಗ್ಗೆ ಅವಳ ಮನೆಗೆ ಹೆಣ್ಣು ನೋಡಲು ಬರುತ್ತಿದ್ದಾರೆ. ಇವತ್ತು ಮಧ್ಯಾಹ್ನ ಅಪ್ಪ ಬಂದು ಕರೆದುಕೊಂಡು ಹೋಗುತ್ತಾರೆ.

ಪುಷ್ಪನ ಕಣ್ಣು ಫಳ್ಳೆಂದಿತು. "ಲೇ, ಬಸ್ ತಪ್ಪಿಸೋಣ್ವೇನೇ?"

ಅಯ್ಯೋ, ಆ ಖುಷಿ ಏನು ಹೇಳಲಿ! ಮಂಡಿನೋವು ಮರೆತೇಹೋಯಿತು. ನಾವು ಮೂವರೂ ಸೆರಗು ಸಿಕ್ಕಿಸಿ ಸಜ್ಜಾದೆವು. ಅಷ್ಟರಲ್ಲಿ ಗೇಟಿನ ಹತ್ತಿರ ಡುಗುಡುಗು ಸದ್ದು.

ಬೈಕು! ಅಪ್ಪ ಬೈಕಿನಲ್ಲಿ ಬಂದಿದ್ದರು, ಹಿಂದೆ ಹೆಂಡತಿ. ನಮ್ಮ ಇಡೀ ಶಾಸ್ತ್ರ ಕಲಿತದ್ದು ಬಸ್ಸಿನ ಕಾಲದಲ್ಲಿ. ಸ್ವಂತ ಗಾಡಿ ಇರುವ ಅಪ್ಪನಿಗೆ ಏನು ತಪ್ಪಿಸುತ್ತೀರಿ?

ಗಿರಿಜಕ್ಕ ನನ್ನ ತೋಳು ಚಿವುಟಿದರು. "ಇವ್ರ ಊರು ವೀರನಹೊಸಹಳ್ಳಿ ಕಡೆ ಕಣೇ. ಆನೆ ಇದಾವಲ್ಲೇ!"

ಹೌದಲ್ಲ! ಸಂಜೆಯಾದರೆ ಕಾಡಂಚಿನ ಆ ದಾರಿಗೆ ಆನೆ ಇಳಿಯುತ್ತದೆ. ಹೆಂಡತಿ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕತ್ತಲಲ್ಲಿ ಯಾವನೂ ಹೋಗುವುದಿಲ್ಲ. ಹೊತ್ತು ಮುಳುಗುವ ತನಕ ಹಿಡಿದಿಟ್ಟರೆ ಗೆದ್ದಹಾಗೆ.

ಶುರುವಾಯಿತು ದೋಸೆ. ಅಪ್ಪನ ಹೆಸರು ಶಿವಣ್ಣ. ಒಳ್ಳೆಯ ಮನುಷ್ಯ, ಮಾತು ಮಾತ್ರ ಇಲ್ಲ. ಗಿರಿಜಕ್ಕ ಹಳೇ ಅಸ್ತ್ರ ಬಿಟ್ಟರು, "ಹೊಗೆಸೊಪ್ಪು ಈ ಸಲ ಹೇಗಣ್ಣ?"

"ಬುಟ್ಬುಟ್ಟಿವಿ ಕಣಕ್ಕ."

"ಶುಂಠಿ?"

"ಅದ್ರ ಮಾತ್ ಎತ್ಬ್ಯಾಡಿ."

ಮುಗಿಯಿತು ಸಂಭಾಷಣೆ. ಎಕ್ಸಾಮಿನ ಮಾತು ಎತ್ತಿದೆ. "ಮುಂದಿನ್ ವರ್ಸ ಬರ್ಕೋತಾಳೆ ಬುಡಿ. ಒಳ್ಳೆ ಮನೆತನ, ವತ್ತಾರೆಗೇ ಬತ್ತಾವ್ರೆ. ಬ್ಯಾಡ ಅನ್ನಕ್ಕಾಯ್ತದಾ?" ಎಂದರು.

ಹೆಂಡತಿ ಮಂಜುಳ ಯಾರನ್ನೂ ಕೇಳದೆ ಹಿತ್ತಿಲಿನ ನಲ್ಲಿಗೆ ಹೋಗಿ ಕೈ ತೊಳೆದು ಬಂದು ಗಂಡನ ಪಕ್ಕ ಜಗಲಿಕಟ್ಟೆಯ ಮೇಲೆ ಕೂತರು.

ಇನ್ನೂ ಒಳ್ಳೆಯ ಬಿಸಿಲಿತ್ತು. ಶಿವಣ್ಣ ತೇಗಿ ಎದ್ದರು. "ನಡೀರವ್ವ." ಚಂದನ ಬ್ಯಾಗ್ ಎತ್ತಿಕೊಂಡಳು. ನಮ್ಮ ದೋಸೆ ಸೋತಿತು. ಅವಳ ಮುಖ ನೋಡಲಾಗದೆ ನಾನು ಹಂಚಿನ ಕಡೆ ತಿರುಗಿ ನಿಂತೆ.

"ಬೈಕ್ ಕೀ ಎಲ್ಲೋಯ್ತು? ಈಗ ಇಲ್ಲೇ ಮಡಗಿದ್ನಲ್ಲ!"

ಕಟ್ಟೆಯ ಮೇಲೆ ಕೀ ಇಲ್ಲ. ತಟ್ಟೆ ಎತ್ತಿದೆವು, ಚಾಪೆ ಕೊಡವಿದೆವು. ಪುಷ್ಪ ದೋಸೆ ಹಿಟ್ಟಿಗೆ ಮೊಣಕೈವರೆಗೆ ಕೈ ಹಾಕಿ ತಡಕಾಡಿದಳು. ಗಿರಿಜಕ್ಕ ನನಗೆ ಕಣ್ಣು ಹೊಡೆದರು, ಭೇಷ್ ಎನ್ನುವ ಹಾಗೆ. ನಾನೂ ಅವರಿಗೆ ಕಣ್ಣು ಹೊಡೆದೆ, ನೀವೇ ಭೇಷ್ ಎನ್ನುವ ಹಾಗೆ. ಪುಷ್ಪ ಹಿಟ್ಟಿನ ಕೈ ಎತ್ತಿ ನಮ್ಮಿಬ್ಬರಿಗೂ ಕಣ್ಣು ಹೊಡೆದಳು. ಒಳಗೊಳಗೇ ನಗು ಉಕ್ಕಿ ಸೆರಗು ಬಾಯಿಗೆ ತುರುಕಿಕೊಂಡೆವು.

ಇನ್ನೊಂದು ಕೀ ಊರಿನ ಮನೆಯಲ್ಲಿ. ಭಾನುವಾರ, ಮೆಕ್ಯಾನಿಕ್ ಇಲ್ಲ. ಹುಡುಕುತ್ತಾ ಹುಡುಕುತ್ತಾ ಆ ಕಡೆಯ ಕೊನೇ ಬಸ್ಸೂ ಹೋಯಿತು, ಹೊತ್ತೂ ಮುಳುಗಿತು. ಶಿವಣ್ಣ ಕೊನೆಗೆ ಗಂಡಿನ ಕಡೆಯವರಿಗೆ ಫೋನ್ ಮಾಡಿದರು. ಕೀ ಕಳೆದುಹೋಯಿತು ಎಂದರೆ ಮಾನ ಹೋಗುವುದಿಲ್ಲವೇ? "ನಾಳೆ ಬ್ಯಾಡಿ ಯಜಮಾನ್ರೇ, ನಾವು ಹುಣ್ಸೂರ್ನಾಗೇ ಸಿಕ್ಕಾಕೊಂಡಿವಿ. ದಾರೀಲಿ ಆನೆ ಗುಂಪೇ ನಿಂತದಂತೆ." ಆ ಕಡೆಯಿಂದ, ಅಯ್ಯೋ ಬರಬೇಡಿ ಬರಬೇಡಿ, ನಿಧಾನಕ್ಕೆ ನೋಡೋಣ ಎಂದರಂತೆ. ಮಗಳ ಪರೀಕ್ಷೆಗೆ ನಿಲ್ಲದ ಶಾಸ್ತ್ರ ಇಲ್ಲದ ಆನೆಗೆ ನಿಂತಿತು ನೋಡಿ!

"ಬರ್ಕೊಂಡೇ ಬಾ ಹೋಗು, ಇನ್ನೇನ್ ಮಾಡಾದು" ಎಂದು ಮಗಳಿಗೆ ಹೇಳಿ, ಹುಣಸೂರಿನಲ್ಲೇ ಇರುವ ಅಣ್ಣನ ಮನೆಗೆ ಹೋಗಲು ಆಟೋ ಹುಡುಕುತ್ತಾ ಶಿವಣ್ಣ ರಸ್ತೆಗೆ ಹೋದರು. ಚಂದನ ಪುಸ್ತಕ ಎದೆಗೊತ್ತಿಕೊಂಡು ರೂಮಿಗೆ ಓಡಿದಳು.

ನಾನು ಗಿರಿಜಕ್ಕನ ಕಡೆ ಕೈಚಾಚಿದೆ. "ಕೊಡಿ ಅಕ್ಕ ಕೀ, ನೋಡೋಣ."

"ನನ್ನತ್ರ ಎಲ್ಲೈತೆ? ನೀನಲ್ವೇನೇ?"

ಇಬ್ಬರೂ ಪುಷ್ಪನನ್ನು ನೋಡಿದೆವು. "ದೇವ್ರಾಣೆ ನಾನಲ್ಲ ಕಣ್ರೇ!"

ಮಂಜುಳ ಮೆಲ್ಲಗೆ ಸೊಂಟಕ್ಕೆ ಸಿಕ್ಕಿಸಿದ್ದ ಸೆರಗಿನ ಗಂಟು ಬಿಚ್ಚಿದರು. ಕೀ!

"ನಾಳಿಕ್ಕೆ ಅವ್ಳು ಎಕ್ಸಾಮ್ಗೆ ಹೋದ್ಮೇಲೆ, ಒಲೆ ಸಂದೀಲಿ ಸಿಕ್ತು ಅನ್ನಿ ಅಕ್ಕ" ಎಂದು ನನ್ನ ಕೈಗಿಟ್ಟರು. ಮುಖದಲ್ಲಿ ನಗು.

ಆಮೇಲೆ ಅವರೇ ಹೇಳಿದರು. "ನಾನೂ ಇದೇ ಹಾಸ್ಟ್ಲಾಗಿದ್ದೆ ಕಣಕ್ಕ, ನೀವ್ ಹೋಗಿ ಬಾಳ ವರ್ಸ ಆದ್ಮೇಲೆ. ಬಸ್ ತಪ್ಸೋದು ನಂಗೂ ಗೊತ್ತು. ಆದ್ರೆ ನಮ್ಮಪ್ಪ ಬಂದಿದ್ ದಿನ ಹಬ್ಬದ ರಜ, ಎಲ್ರೂ ಊರ್ಗೋಗಿದ್ರು. ಬಸ್ಸೂ ಸರಿಯಾದ್ ಟೈಮಿಗೇ ಬಂದ್ಬುಡ್ತು."

ಪುಷ್ಪ ಹಿಟ್ಟಿನ ಕೈಯಲ್ಲೇ ಅವರನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಅಳುತ್ತಲೇ ಅವರ ನಂಬರ್ ಕೇಳಿ ಗ್ರೂಪಿಗೆ ಸೇರಿಸಿದಳು.

ಸೋಮವಾರ ಚಂದನ ಎಕ್ಸಾಮ್ ಬರೆದಳು. ಕೀ ಒಲೆ ಸಂದಿಯಲ್ಲಿ 'ಸಿಕ್ಕಿತು'.

ಆ ಹಂಚಿನ ಹಿಡಿಯ ಮೇಲೆ ದಾನಿಗಳೆಂದು ನಮ್ಮ ಹೆಸರು ಕೆತ್ತಿಸಿದ್ದೇವೆ. ನೀವೇ ಹೇಳಿ, ಅಳಿಸಿಬಿಟ್ಟು ಮಂಜುಳನ ಹೆಸರು ಹಾಕಿಸಿದರೆ ಶಿವಣ್ಣನಿಗೆ ಅನುಮಾನ ಬಂದೀತೇ?