ಇಪ್ಪತ್ತು ನಿಮಿಷದ ಕತ್ತಲೆ

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಅದು ಎಲ್ಲೂ ಬಳಕೆಯಲ್ಲಿರಲಿಲ್ಲ. ಹದಿನಾಲ್ಕು ವರ್ಷದಿಂದ ಅವಳು ಕ್ಲಿಪ್ಪಮ್ಮ. ಕಾಡಿನ ನಡುವೆ ನಿಂತ ನಲವತ್ತು ಮೀಟರಿನ ಕಬ್ಬಿಣದ ಗೋಪುರವನ್ನು ದಿನಾ ಬೆಳಿಗ್ಗೆ ಹತ್ತಿ, ಮರಗಳ ನೆತ್ತಿಯ ಹನ್ನೆರಡು ಎಲೆಗಳಿಗೆ ಬಿಳಿ ಕ್ಲಿಪ್ಪು ಕಚ್ಚಿಸುವುದು ಅವಳ ಕೆಲಸ.

ಅದೆಂಥ ಕೆಲಸ ಎಂದು ಕೇಳಿದವರಿಗೆ ಅವಳ ಉತ್ತರ ಸಿದ್ಧವಾಗಿರುತ್ತಿತ್ತು: "ಎಲೆ ಬಿಸಿಲು ಕುಡಿಯುತ್ತಲ್ಲ, ಕುಡಿದದ್ದನ್ನೆಲ್ಲ ಅರಗಿಸ್ಕೊಳ್ಳಲ್ಲ. ಒಂದಿಷ್ಟು ಕೆಂಪಗೆ ವಾಪಸ್ ಚೆಲ್ಲುತ್ತೆ. ನಮ್ಮ ಕಣ್ಣಿಗೆ ಕಾಣಲ್ಲ, ಮೆಷಿನ್ನಿಗೆ ಕಾಣುತ್ತೆ. ಚೆಲ್ಲಿದ್ದು ಎಷ್ಟು ಅಂತ ನೋಡಿದ್ರೆ ದುಡಿದದ್ದು ಎಷ್ಟು ಅಂತ ಗೊತ್ತಾಗುತ್ತೆ."

ಗೋಪುರದ ತುದಿಯ ಯಂತ್ರ ಇಡೀ ಕಾಡಿನ ಆ ಮಿನುಗನ್ನು ಮೇಲಿನಿಂದ ಅಳೆಯುತ್ತಿತ್ತು. ಒಂದೊಂದೇ ಎಲೆಯ ಆರೋಗ್ಯವನ್ನು ಮಾತ್ರ ಕೈಯಲ್ಲೇ ನೋಡಬೇಕು. ಅದಕ್ಕೊಂದು ಕಟ್ಟಳೆ. ಕ್ಲಿಪ್ಪಿನ ತೂತಿಗೆ ಪುಟ್ಟ ಮುಚ್ಚಳ ಮುಚ್ಚಿ ಎಲೆಯ ಆ ಚೂರನ್ನು ಇಪ್ಪತ್ತು ನಿಮಿಷ ಕತ್ತಲಲ್ಲಿ ಇಡಬೇಕು. ಎಲೆ ಸುಧಾರಿಸಿಕೊಳ್ಳಬೇಕು. ಆಮೇಲೆ ಒಮ್ಮೆ ಜೋರಾಗಿ ಬೆಳಕು ಬಿಟ್ಟರೆ ಅಂಕಿ ಬರುತ್ತದೆ. ಗಟ್ಟಿಮುಟ್ಟಾದ ಎಲೆಗೆ ಸೊನ್ನೆ ಪಾಯಿಂಟ್ ಎಂಟರ ಮೇಲೆ.

ಆ ಇಪ್ಪತ್ತು ನಿಮಿಷ ಅಕ್ಕನದು. ಇಬ್ಬರೂ ಮದುವೆಯ ಗೊಡವೆಗೆ ಹೋಗದೆ ಎರಡು ಕೋಣೆಯ ಮನೆಯಲ್ಲಿ ಮೂವತ್ತು ವರ್ಷ ಕಚ್ಚಾಡಿಕೊಂಡು ಬದುಕಿದವರು. ಹನ್ನೆರಡನೆಯ ಮುಚ್ಚಳ ಮುಚ್ಚಿದ ಹೆಬ್ಬೆರಳು ಹಾಗೇ ಫೋನಿಗೆ ಹೋಗುತ್ತಿತ್ತು. ಅತ್ತ ಅಕ್ಕ ಅಡುಗೆಮನೆಯ ಗಡಿಯಾರದ ಎದುರು ಸ್ಟೂಲು ಹಾಕಿಕೊಂಡು ಕಾದಿರುತ್ತಿದ್ದಳು.

"ಮುಚ್ಚಿದ್ಯೇನೇ?"

"ಮುಚ್ಚಿದೆ. ನಲ್ಲಿ ರಿಪೇರಿಯವನು ಬಂದ್ನಾ?"

"ಬಂದ. ನಲ್ಲಿಗೆ ವಯಸ್ಸಾಯ್ತು, ಬದಲಾಯಿಸ್ಬೇಕು ಅಂದ. ನಿನಗೂ ಆಯ್ತಲ್ಲಯ್ಯ, ನಿನ್ನನ್ನ ಯಾರಾದ್ರೂ ಬದಲಾಯಿಸಿದ್ರಾ ಅಂದೆ."

ಇಂಥದೇ ಮಾತು. ಗಡಿಯಾರ ನೋಡಿ ಮುಗಿಸುವುದೂ ಅಕ್ಕನೇ: "ಇಪ್ಪತ್ತಾಯ್ತು, ತೆಗಿ."

ಒಂದು ಸೋಮವಾರ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅಕ್ಕ ಸತ್ತಳು. ಕಿಡ್ನಿ ಕೈಕೊಟ್ಟಿತ್ತು. ಕ್ಲಿಪ್ಪಮ್ಮ ಅಳಲಿಲ್ಲ. ತೋರಿಸಿದಲ್ಲೆಲ್ಲ ಸಹಿ ಹಾಕಿದಳು, ಮಣ್ಣು ಮಾಡಿ ಬಂದಳು, ಅಕ್ಕನ ಚಪ್ಪಲಿಯನ್ನು ಆಸ್ಪತ್ರೆಯ ಚೀಲದಿಂದ ತೆಗೆದು ಬಾಗಿಲ ಪಕ್ಕ ಇಟ್ಟಳು. ಗುರುವಾರ ಕೆಲಸಕ್ಕೆ ಹೋದಳು.

ಜೀಪಿನ ಡ್ರೈವರನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು, ಅವನ ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ. "ಅತ್ತುಬಿಡಿ ಕ್ಲಿಪ್ಪಮ್ಮ, ಹಗುರಾಗುತ್ತೆ," ಎಂದ. "ನಮ್ಮತ್ತೆ ಸತ್ತಾಗ ನಾನೂ ಅತ್ತಿದ್ದೆ. ಖುಷಿಗೋ ಏನೋ ಗೊತ್ತಿಲ್ಲ."

"ಗೇರ್ ಬದಲಾಯ್ಸಪ್ಪ, ಗಾಡಿ ಅಳ್ತಿದೆ."

ದುಃಖ ಎನ್ನುವ ಹಾಗೂ ಇರಲಿಲ್ಲ. ಜೋಮು ಹಿಡಿದ ಕಾಲಿನ ಹಾಗೆ. ಇದೆ, ಆದರೆ ತನ್ನದಲ್ಲ. ಗೋಪುರ ಹತ್ತುತ್ತಿದ್ದಳು, ಸೊಂಟದ ಹಗ್ಗದ ಕೊಂಡಿ ಸಿಕ್ಕಿಸುತ್ತಿದ್ದಳು, ಕ್ಲಿಪ್ಪು ಕಚ್ಚಿಸಿ ಕೂರುತ್ತಿದ್ದಳು. ಫೋನು ಚೀಲದಲ್ಲೇ ಇರುತ್ತಿತ್ತು. ಕೈಗಡಿಯಾರದಲ್ಲಿ ಇಪ್ಪತ್ತಾದರೆ ಎದ್ದು ಅಂಕಿ ಬರೆದುಕೊಳ್ಳುತ್ತಿದ್ದಳು. ಸೊನ್ನೆ ಪಾಯಿಂಟ್ ಆರು. ಆರು ಎರಡು. ಐದು ಒಂಬತ್ತು. ಕಡಿಮೆಯಾಯಿತಲ್ಲ ಎಂದು ಬರೆಯುವ ಕೈಗೆ ಹೊಳೆಯಲೇ ಇಲ್ಲ.

ಹೊಳೆದದ್ದು ಡಾಕ್ಟರಮ್ಮನಿಗೆ. ಡಾಕ್ಟರಮ್ಮ ಎಂದರೆ ಗೋಪುರದ ಉಸ್ತುವಾರಿ ಹೊತ್ತ ವಿಜ್ಞಾನಿ. ತುದಿಯ ಯಂತ್ರ ಕಾಡು ಚೆನ್ನಾಗಿದೆ ಎನ್ನುತ್ತಿತ್ತು, ಎಲೆಗಳು ಇಲ್ಲ ಎನ್ನುತ್ತಿದ್ದವು. ಯಂತ್ರವೇ ಕೆಟ್ಟಿರಬೇಕು ಎಂದುಕೊಂಡಳು. ಕ್ಲಿಪ್ಪಮ್ಮನ ಅಂಕಿ ಇಷ್ಟು ವರ್ಷದಲ್ಲಿ ತಪ್ಪಿದ್ದಿಲ್ಲ. ಹೀಗೆ ಇಪ್ಪತ್ಮೂರು ದಿನದ ಅಂಕಿ ಅರಣ್ಯ ಮಂಡಳಿಗೆ ಹೋಯಿತು. ಗೋಪುರದ ಮೂಡಣಕ್ಕಿದ್ದ ಮರಗಳ ಮೇಲೆ ಹೊಸ ರಸ್ತೆ ಮಾಡುವವರ ಕಣ್ಣು ಬಿದ್ದು ಎರಡು ವರ್ಷವಾಗಿತ್ತು. ಅವರ ಹತ್ತಿರ ಗರಗಸ ಇತ್ತು, ಲಾರಿ ಇತ್ತು, ಕಾರಣ ಒಂದು ಇರಲಿಲ್ಲ. ಹಸಿರಾಗಿ ಕಂಡರೂ ಕಾಡು ಒಳಗೊಳಗೇ ಸೊರಗಿದೆ, ಕಡಿದರೆ ನಷ್ಟವಿಲ್ಲ ಎಂಬ ಕಾರಣ ಈಗ ಬಿಟ್ಟಿ ಸಿಕ್ಕಿತು. ಶುಕ್ರವಾರ ಸಭೆ ಕರೆದರು.

ಗುರುವಾರ ಬೆಳಿಗ್ಗೆ ಗಾಳಿಯಿತ್ತು. ಕ್ಲಿಪ್ಪಮ್ಮ ಎಂದಿನಂತೆ ಕ್ಲಿಪ್ಪು ಕಚ್ಚಿಸಿ ಕೂತಿದ್ದಳು. ಕೊಂಬೆ ತೂಗಿ ಒಂದು ಕ್ಲಿಪ್ಪು ಇತ್ತ ತಿರುಗಿತು. ಅದರ ತೂತಿನೊಳಗೆ ಎಲೆಯ ಹಸಿರು ಬಿಸಿಲಿಗೆ ನಿಚ್ಚಳವಾಗಿ ಕಂಡಿತು. ಕಾಣಬಾರದಿತ್ತು. ಪಕ್ಕದ್ದನ್ನು ನೋಡಿದಳು. ಅದೂ ತೆರೆದಿತ್ತು. ಹನ್ನೆರಡೂ ತೆರೆದಿದ್ದವು. ಹೆಬ್ಬೆರಳಿಗೆ ಮುಚ್ಚಳವೂ ಫೋನೂ ಒಂದೇ ಕೆಲಸವಾಗಿತ್ತು. ಫೋನು ನಿಂತ ದಿನ ಮುಚ್ಚಳವೂ ನಿಂತಿತ್ತು. ಕತ್ತಲಲ್ಲಿ ಸುಧಾರಿಸಿಕೊಳ್ಳದ ಎಲೆಗಳು ಕಡಿಮೆ ಅಂಕಿ ಕೊಟ್ಟಿದ್ದವು.

ಈಗ ಮುಚ್ಚಿ ಬಾಯಿ ಹೊಲಿದುಕೊಂಡರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾಳಿದ್ದಿನಿಂದ ಎಲೆಗಳು ಚೇತರಿಸಿಕೊಂಡವು ಎಂದು ಬರೆಯಬಹುದಿತ್ತು. ಅಷ್ಟರಲ್ಲಿ ಮೂಡಣದ ಮರಗಳನ್ನು ಕಡಿಯಲು ಒಪ್ಪಿಗೆ ಸಿಕ್ಕಿರುತ್ತಿತ್ತು. ಅವಳು ಕೊಂಡಿ ಬಿಚ್ಚಿ ಇಳಿದು ಡಾಕ್ಟರಮ್ಮನ ಕೋಣೆಗೆ ಹೋದಳು.

"ಮೇಡಂ, ಮುಚ್ಚಳ ಹಾಕಿರಲಿಲ್ಲ."

"ಇವತ್ತಾ?"

"ಅಕ್ಕ ಹೋದಾಗಿಂದ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ನಾಳೆ ಇದನ್ನ ಹೇಳಿದ್ರೆ ನಿಮ್ಮ ಹದಿನಾಲ್ಕು ವರ್ಷದ ಹಾಳೆಗಳನ್ನೂ ಅನುಮಾನದಿಂದ ನೋಡ್ತಾರೆ. ನಿಮ್ಮನ್ನ ಇನ್ನು ಮೇಲೆ ಹತ್ತೋಕೆ ಬಿಡಲ್ಲ. ಗೊತ್ತಲ್ವಾ?"

"ಗೊತ್ತು."

"ಬೇಜಾರಿಲ್ವಾ?"

"ಇರಬೇಕು ಮೇಡಂ. ಸದ್ಯಕ್ಕೆ ಗೊತ್ತಾಗ್ತಿಲ್ಲ."

ಇಬ್ಬರೂ ಹತ್ತಿದರು. ಡಾಕ್ಟರಮ್ಮ ಏದುಸಿರು ಬಿಡುತ್ತ ಒಂದೊಂದು ಮುಚ್ಚಳವನ್ನೂ ತಾನೇ ಎಳೆದು ನೋಡಿದಳು. ಇಪ್ಪತ್ತು ನಿಮಿಷ ಇಬ್ಬರೂ ಕೈಗಡಿಯಾರ ನೋಡುತ್ತ ಕೂತರು. ಎಂಟು ಎರಡು. ಎಂಟು ಮೂರು. ಎಂಟು ಒಂದು. ಮರಗಳಿಗೆ ಏನೂ ಆಗಿರಲಿಲ್ಲ.

ಸಭೆಯಲ್ಲಿ ಕ್ಲಿಪ್ಪಮ್ಮನೇ ಎದ್ದು ನಿಂತು ಹೇಳಿದಳು. ರಸ್ತೆಯ ಅಧಿಕಾರಿ ನಕ್ಕ. "ಅಂದ್ರೆ, ಇಡೀ ಕಾಡು ಈಯಮ್ಮನ ಹೆಬ್ಬೆರಳಲ್ಲಿತ್ತಾ?"

"ಹೂಂ ಸ್ವಾಮಿ. ನಿಮ್ಮ ಹೆಬ್ಬೆರಳಲ್ಲಿ ಇರಲಿಲ್ಲ, ಅದಕ್ಕೇ ಇನ್ನೂ ಇದೆ."

ಬಾಗಿಲ ಬಳಿ ಮೌನಿ ಗಟ್ಟಿಯಾಗಿ ನಕ್ಕು ಕೆಮ್ಮಿನಲ್ಲಿ ಮುಚ್ಚಿಹಾಕಿದ. ಕ್ಲಿಪ್ಪಮ್ಮ ನಗಲಿಲ್ಲ. ಇಪ್ಪತ್ಮೂರು ದಿನದ ಅಂಕಿಯನ್ನು ಹೊಡೆದುಹಾಕಿದರು. ಮರ ಕಡಿಯುವುದು ಸದ್ಯಕ್ಕೆ ನಿಂತಿತು. ಬೇರೆ ಕಾರಣ ಹುಡುಕಲು ಅವರಿಗೆ ಸಂಬಳ ಬರುತ್ತದೆ, ಹುಡುಕುತ್ತಾರೆ. ಕ್ಲಿಪ್ಪಮ್ಮನನ್ನು ಗೋಪುರದಿಂದ ಇಳಿಸಿದರು. ಇನ್ನು ಒಬ್ಬರು ಮೇಲೆ, ಒಬ್ಬರು ಕೆಳಗೆ ಗಡಿಯಾರದ ಎದುರು, ಮುಚ್ಚಿದ್ದನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬೇಕು ಎಂದು ಹೊಸ ನಿಯಮ ಬಂತು.

ಮೇಲೆ ಹೋದವನು ಕರೆಂಟು ಕಂಬ ಹತ್ತಿ ನಿವೃತ್ತನಾದ ಲೈನ್‌ಮನ್. ಕೆಳಗೆ ಶೆಡ್ಡಿನಲ್ಲಿ ಸ್ಟೂಲಿನ ಮೇಲೆ ಕ್ಲಿಪ್ಪಮ್ಮ. ಫೋನು ಬಂತು.

"ಮುಚ್ಚಿದ್ಯೇನಪ್ಪ?"

"ಹನ್ನೆರಡೂ ಮುಚ್ಚಿದೆ. ಅಲ್ಲಮ್ಮ, ಇಪ್ಪತ್ತು ನಿಮಿಷ ಏನು ಮಾಡೋದು?"

"ಏನಾದ್ರೂ ಹೇಳ್ತಿರು."

ಅವನು ಮಂಡಿನೋವಿನ ಕತೆ ಶುರು ಮಾಡಿದ. ಅವಳು ಮುಳ್ಳು ನೋಡುತ್ತ ಹೂಂ ಎನ್ನುತ್ತಿದ್ದಳು.

"ಇಪ್ಪತ್ತಾಯ್ತು, ತೆಗಿ."

"ಎಂಟು ಎರಡು," ಎಂದ.

ಅವಳು ಬರೆದುಕೊಂಡಳು.