ಎಚ್ಚರಿಕೆಯ ಪಾಠದ ವಿಡಿಯೋ

ನಮ್ಮ ರಸಾಯನಶಾಸ್ತ್ರದ ಹಳೆಯ ಕೋರ್ಸನ್ನು ಹೈಬ್ರಿಡ್ ಮಾಡಿ, ಅರ್ಧ ಪಾಠ ವಿಡಿಯೋದಲ್ಲಿ, ಅರ್ಧ ಕಾಲೇಜಿನಲ್ಲಿ ಇರಲಿ ಎಂದು ಮೇಲಿನಿಂದ ಆದೇಶ ಬಂತು. ವಿಡಿಯೋಗೆ ನಾನು ಮೊದಲು ತಳ್ಳಿದ್ದು ಪ್ರಯೋಗಾಲಯದ ಎಚ್ಚರಿಕೆಯ ಪಾಠವನ್ನು. ಪ್ರತಿ ವರ್ಷ ಅದನ್ನೇ ಹೇಳಿ ಹೇಳಿ ಸಾಕಾಗಿತ್ತು. ನೀರಿಗೆ ಆಸಿಡ್ ಹಾಕಬೇಕು. ಆಸಿಡ್‌ಗೆ ನೀರು ಹಾಕಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಇಷ್ಟಕ್ಕೆ ಒಂದು ಗಂಟೆಯ ತರಗತಿ ಯಾಕೆ ಬೇಕು ಎಂದುಕೊಂಡೆ.

ವಿಡಿಯೋ ಮಾಡಿದ್ದು ಶಿವಮೊಗ್ಗದ ಹೊಸಮನೆಯಲ್ಲಿ, ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ.

"ಮನೆಯೊಳಗೆ ಆಸಿಡ್ ತಂದ್ರೆ ನಾನಿರಲ್ಲ, ನೋಡಿ ಮತ್ತೆ" ಎಂದಳು ಹೆಂಡತಿ.

ಹಾಗಾಗಿ ಎರಡು ಗಾಜಿನ ಲೋಟಕ್ಕೂ ನೀರನ್ನೇ ತುಂಬಿ, ಒಂದಕ್ಕೆ 'ಆಸಿಡ್', ಇನ್ನೊಂದಕ್ಕೆ 'ನೀರು' ಎಂದು ಚೀಟಿ ಅಂಟಿಸಿದೆ. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಮಾತಾಡುತ್ತಾ ಸುರಿದು ತೋರಿಸಿದೆ. ಇನ್ನೊಮ್ಮೆ ನೋಡುವ ಗೋಜಿಗೂ ಹೋಗದೆ ವಿದ್ಯಾರ್ಥಿಗಳಿಗೆ ಕಳಿಸಿಬಿಟ್ಟೆ.

ಪ್ರಯೋಗದ ದಿನ ಭದ್ರಾವತಿಯ ಕಾಲೇಜಿನಲ್ಲಿ ಮೊದಲ ಬ್ಯಾಚಿನವರು ಎಲ್ಲ ಗೊತ್ತಿದೆ ಎನ್ನುವಂತೆ ನಿಂತಿದ್ದರು. ಶುರುಮಾಡಿ ಎಂದು ಹೇಳಿ ಹಾಜರಿ ಪುಸ್ತಕದ ಕಡೆ ತಿರುಗಿದೆ.

ಚುರ್ರೆಂಬ ಸದ್ದಾಯಿತು, ಹಿಂದೆಯೇ ಒಂದು ಚೀರು. ಮಾಚೇನಹಳ್ಳಿಯಿಂದ ಬರುವ ಹುಡುಗಿ ಆಸಿಡ್‌ಗೆ ನೀರು ಸುರಿದಿದ್ದಳು. ಹನಿ ಎಡಗಣ್ಣಿಗೆ ಸಿಡಿದಿತ್ತು. ಅವಳ ಮುಖವನ್ನು ನಲ್ಲಿಯ ಕೆಳಗೆ ಹಿಡಿದುಕೊಂಡೇ ತಿರುಗಿ ನೋಡಿದರೆ, ಉಳಿದವರೂ ಆಸಿಡ್‌ಗೆ ಸುರಿಯಲು ನೀರಿನ ಬೀಕರನ್ನು ಎತ್ತಿ ಹಿಡಿದಿದ್ದರು. ಕೆಳಗಿಡಿ ಎಂದು ಕಿರುಚಿ ಎಲ್ಲರನ್ನೂ ಹೊರಗಟ್ಟಿದೆ.

"ವಿಡಿಯೋ ನೋಡಿಲ್ವೇನಮ್ಮಾ ನೀನು?" ನೋವಿನಲ್ಲಿದ್ದವಳ ಮೇಲೆ ರೇಗಿದೆ.

"ಮೂರ್ ಸಲ ನೋಡಿದೀನಿ ಸಾರ್. ಬಸ್ಸಲ್ಲಿ ಹಾಡಿನ ಗಲಾಟೆ, ನಿಮ್ ಮಾತು ಕೇಳ್ತಿರ್ಲಿಲ್ಲ. ನಿಮ್ ಕೈ ನೋಡ್ಕೊಂಡೇ ಕಲ್ತೆ."

ಬಹಳ ಹೊತ್ತು ತೊಳೆದರೂ ಅವಳಿಗೆ ಕಣ್ಣು ಬಿಡಲಾಗಲಿಲ್ಲ. ಪ್ರಯೋಗಾಲಯದ ಸಹಾಯಕರು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದರು.

ತಪ್ಪು ಅವಳದೇ ಎಂದು ತೋರಿಸುವ ಹಟದಲ್ಲಿ ಫೋನ್ ತೆಗೆದು ವಿಡಿಯೋ ಹಾಕಿದೆ. ಬಾಯಿ ಸರಿಯಾಗಿಯೇ ಹೇಳುತ್ತಿತ್ತು. ಕೈ ಮಾತ್ರ 'ನೀರು' ಚೀಟಿಯ ಲೋಟವನ್ನೆತ್ತಿ 'ಆಸಿಡ್' ಚೀಟಿಯ ಲೋಟಕ್ಕೆ ಸುರಿಯುತ್ತಿತ್ತು. ಎರಡೂ ನೀರೇ ಆಗಿದ್ದರಿಂದ ಅಡುಗೆಮನೆಯಲ್ಲಿ ಏನೂ ಆಗಿರಲಿಲ್ಲ. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದೆ.

ಬಾಗಿಲಲ್ಲಿ ಎರಡನೇ ಬ್ಯಾಚಿನವರು ಬಂದು ನಿಂತಿದ್ದರು.

"ಒಳಗೆ ಬರ್ಬಹುದಾ ಸಾರ್? ನಾವೆಲ್ಲಾ ವಿಡಿಯೋ ನೋಡ್ಕೊಂಡೇ ಬಂದಿದೀವಿ."