ಕೆಂಪು ನೂಲಿನ ಸೌಟು

ಕಾಕನ ಬಲಗೈಯಲ್ಲಿ ಮೊಣಕೈವರೆಗೆ ಒಂದೇ ಒಂದು ಕೂದಲಿರಲಿಲ್ಲ. ಎಡಗೈ ತುಂಬ ಕಪ್ಪಗೆ ಒತ್ತಾಗಿ ಕೂದಲು; ಬಲಗೈ ಮಾತ್ರ ಸಿಪ್ಪೆ ಸುಲಿದ ಗೆಣಸಿನ ಹಾಗೆ ನುಣ್ಣಗೆ. ಕುದಿಯುವ ಹಂಡೆಯ ಮೇಲೆ ವರ್ಷಗಟ್ಟಲೆ ಅದೇ ಕೈ ಆಡಿಸಿದ್ದರ ಫಲ. ಯಾರಾದರೂ ದಿಟ್ಟಿಸಿ ನೋಡಿದರೆ "ಅರ್ಧ ಬೆಂದಿದ್ದೇನೆ, ಇನ್ನರ್ಧ ಬಾಕಿ ಉಂಟು" ಎನ್ನುತ್ತಿದ್ದರು.

ದೋಹಾದ ಬಿನ್ ಮಹಮೂದ್ ಬಡಾವಣೆಯಲ್ಲಿ ನಮ್ಮ ಫ್ಲ್ಯಾಟಿನಿಂದ ಎರಡು ಗಲ್ಲಿ ಆಚೆ, ಹಳೇ ಕಟ್ಟಡವೊಂದರ ಕೆಳಗೆ ಸಣ್ಣದೊಂದು ರಾಮೆನ್ ಅಂಗಡಿ. ರಾಮೆನ್ ಅಂದರೆ ಜಪಾನಿನವರ ಶ್ಯಾವಿಗೆ. ದೊಡ್ಡ ಬಟ್ಟಲಲ್ಲಿ ಹಬೆಯಾಡುವ ಸಾರು, ಅದರಲ್ಲಿ ಮುಳುಗಿದ ಉದ್ದುದ್ದ ಎಳೆ, ಮೇಲೆ ಈರುಳ್ಳಿ ಸೊಪ್ಪು. ಅಡುಗೆಯವರು ಮಾತ್ರ ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮರು. ಜಪಾನಿ ಕಂಪನಿಯೊಂದರ ಕ್ಯಾಂಪಿನಲ್ಲಿ ಪಾತ್ರೆ ತೊಳೆಯಲು ಸೇರಿ, ನೋಡಿ ನೋಡಿಯೇ ಕಲಿತವರು. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರಿಗೆ ನಾನು ಭಟ್ರು.

ಮೊದಲ ದಿನ ಆಫೀಸಿನ ಗೆಳೆಯನೊಬ್ಬ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋಗಿದ್ದ. ನಾನು ಮೆನು ಹಿಡಿದುಕೊಂಡು ಏಸಿಯಲ್ಲೂ ಬೆವರುತ್ತಿದ್ದೆ. ಕಾಕ ಬಂದು ನನ್ನ ಮುಖ ನೋಡಿದರು.

"ಊರು ಯಾವುದು?"

"ಪುತ್ತೂರು."

"ಭಟ್ರಾ?"

ಹೌದೆಂದು ತಲೆಯಾಡಿಸಿದೆ.

"ಹಾಗಾದ್ರೆ ಇವತ್ತು ಬರೀ ನೀರು ಕುಡಿದು ಹೋಗಿ. ಇಲ್ಲಿ ಎಲ್ಲ ಕೋಳಿ ಸಾರು. ನಾಳೆ ಬನ್ನಿ."

ಮರುದಿನ ಹೋದರೆ ಒಲೆಯ ಮೂಲೆಯಲ್ಲಿ ಬೇರೆಯೇ ಒಂದು ಸಣ್ಣ ಪಾತ್ರೆ. ಒಣ ಅಣಬೆ, ಶುಂಠಿ, ಕಡಲ ಪಾಚಿ ಹಾಕಿ ಕುದಿಸಿದ ಸಾರು. ಅದಕ್ಕೊಂದು ಪ್ರತ್ಯೇಕ ಸೌಟು, ಗುರುತಿಗೆ ಹಿಡಿಯ ಮೇಲೆ ಕೆಂಪು ನೂಲು ಸುತ್ತಿದ್ದರು. "ಇದು ಕೋಳಿ ಹಂಡೆಗೆ ಇಳಿಯುವುದಿಲ್ಲ. ಇದು ನಿಮ್ಮದೇ ಜಾತಿ" ಎಂದು ಗಂಭೀರವಾಗಿ ಹೇಳಿದರು. ನಾಲ್ಕು ವರ್ಷ, ಅಂಗಡಿ ಎಷ್ಟೇ ತುಂಬಿ ತುಳುಕುತ್ತಿರಲಿ, ಆ ಸೌಟು ಒಂದು ದಿನವೂ ದಾರಿ ತಪ್ಪಲಿಲ್ಲ.

ದಾರಿ ತಪ್ಪಿದವನು ನಾನು. ಅವರಲ್ಲಿ ಸೋಯಾ ಸಾಸಿನಲ್ಲಿ ನೆನೆಸಿಟ್ಟ ಮೊಟ್ಟೆ ಇರುತ್ತಿತ್ತು. ಹೊರಗೆ ಕಂದು, ಕೊಯ್ದರೆ ಒಳಗೆ ಜೇನಿನಂಥ ಅರೆಬೆಂದ ಹಳದಿ. ಪಕ್ಕದವರ ಬಟ್ಟಲನ್ನು ನಾನು ಎಷ್ಟು ದಿನ ಕದ್ದು ನೋಡಿದ್ದೆನೋ, ಒಂದು ದಿನ ಎಳೆಗಳ ಅಡಿಯಲ್ಲಿ ಅರ್ಧ ಮೊಟ್ಟೆ ಸಿಕ್ಕಿತು. ತಲೆಯೆತ್ತಿದರೆ ಕಾಕ ಬೇರೆ ಕಡೆ ನೋಡುತ್ತಿದ್ದರು. ನಾನು ತಿಂದೆ. ಆಮೇಲೆ ಪ್ರತಿ ವಾರ ತಿಂದೆ. "ಸೌಟಿಗೆ ಮಡಿ ಉಂಟು, ಮೊಟ್ಟೆಗೆ ಇಲ್ಲ. ಇದೆಂಥ ಲೆಕ್ಕ ಭಟ್ರೇ?" ಎಂದು ನಗುತ್ತಿದ್ದರು. ಮೊದಲ ಗುಟುಕಿಗೆ ಮುಂಚೆ ಯಾರಿಗೂ ಮಾತಾಡಲು ಬಿಡುತ್ತಿರಲಿಲ್ಲ. "ಮೊದಲು ಬಾಯಿ ಸುಡಲಿ, ಆಮೇಲೆ ಮಾತು." ಬಾಯಿ ಸುಟ್ಟ ಮೇಲೆ ನನ್ನ ಮಗಳ ಪರೀಕ್ಷೆ, ಹೆಂಡತಿಯ ಬೆನ್ನು ನೋವು, ಅಮ್ಮನ ಕಣ್ಣಿನ ಆಪರೇಷನ್, ಒಂದೊಂದನ್ನೂ ನೆನಪಿಟ್ಟು ಕೇಳುತ್ತಿದ್ದರು.

ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ನಾನು ನಂಬಿದ್ದೆ. ನನ್ನ ಮಾವನವರು ಪೌರೋಹಿತ್ಯ ಮಾಡುವವರು. "ನನ್ನ ಅಳಿಯ ಇಷ್ಟು ವರ್ಷ ಅರಬರ ದೇಶದಲ್ಲಿದ್ದೂ ಅಂಥ ಹೋಟೆಲಿನಲ್ಲಿ ನೀರು ಸಹ ಮುಟ್ಟಿದವನಲ್ಲ" ಎಂದು ಊರಿಡೀ ಹೇಳಿಕೊಂಡು ಬಂದಿದ್ದರು. ಹಾಗೆ ಅವರಿಗೆ ಹೇಳಿದ್ದವನು ನಾನೇ.

ಆ ಮಾವ ವಿಸಿಟ್ ವೀಸಾದಲ್ಲಿ ದೋಹಾಕ್ಕೆ ಬಂದರು. ಒಂದು ಶುಕ್ರವಾರ ಅವರನ್ನೂ ಹೆಂಡತಿಯನ್ನೂ ಕರೆದುಕೊಂಡು ಹೈಪರ್ ಮಾರ್ಕೆಟ್ಟಿಗೆ ಹೋಗಿದ್ದೆ. ಮಾವ ತೆಂಗಿನಕಾಯಿ ರಾಶಿಯ ಮುಂದೆ ನಿಂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಆಗ ಹಿಂದಿನಿಂದ ದನಿ ಕೇಳಿತು.

"ಭಟ್ರೇ, ಎರಡು ವಾರ ಆಯ್ತು ಕಾಣದೆ. ಹುಷಾರಿದ್ದೀರಲ್ಲ?"

ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಕಾಕ ನಿಂತಿದ್ದರು. ಅವರು ಮೊಟ್ಟೆಯ ಮಾತೆತ್ತುವವರಲ್ಲ, ಅಂಗಡಿಯ ಹೆಸರೂ ಹೇಳುವವರಲ್ಲ. ಅಷ್ಟು ವಿವೇಕ ಅವರಿಗಿತ್ತು. ನನಗಿರಲಿಲ್ಲ. ಮಾವ ತಿರುಗಿ ನೋಡಿದ್ದೇ ತಡ, ನನ್ನ ಬಾಯಿಂದ ಇಂಗ್ಲಿಷ್ ಬಂತು.

"ಸಾರಿ, ಐ ಡೋಂಟ್ ನೋ ಯೂ."

ಕಾಕ ನನ್ನನ್ನು ನೋಡಿದರು, ಮಾವನ ಶಿಖೆ ನೋಡಿದರು. ಎಲ್ಲವೂ ಅವರಿಗೆ ಅರ್ಥವಾಯಿತು. "ಕ್ಷಮಿಸಿ ಸರ್. ನಮ್ಮಲ್ಲಿಗೆ ಬರುವ ಒಬ್ಬರು ಹೀಗೇ ಇದ್ದಾರೆ" ಎಂದರು. ಹೊರಟವರು ನಿಂತು, ಮಾವನ ಕೈಯಲ್ಲಿದ್ದ ಕಾಯಿ ತೆಗೆದುಕೊಂಡು ಬೆರಳಿನಿಂದ ತಟ್ಟಿದರು. "ಇದು ಬೇಡ ಅಜ್ಜರೇ, ಕೊಬ್ಬರಿ ಆಗಿದೆ." ಬೇರೆ ಎರಡು ಆರಿಸಿ ಕೊಟ್ಟು ಹೋದರು. ಮಧ್ಯಾಹ್ನ ಆ ಕಾಯಿಯದ್ದೇ ಚಟ್ನಿ. ಒಳ್ಳೇ ಕಾಯಿ ಎಂದು ಮಾವ ಎರಡು ಸಲ ಬಡಿಸಿಕೊಂಡರು. ನಾನು ನನ್ನ ಪಾಲಿನ ಚಟ್ನಿಯನ್ನು ತಟ್ಟೆಯ ಬದಿಗೆ ಸರಿಸಿದೆ.

ಮಾವ ಊರಿಗೆ ವಾಪಸಾದ ಮರುದಿನವೇ ಅಂಗಡಿಗೆ ಹೋದೆ. ಕಾಕ ಮೆನು ತಂದು ಮುಂದಿಟ್ಟರು. "ವೆಲ್ಕಂ ಸರ್." ನಾಲ್ಕು ವರ್ಷದಲ್ಲಿ ಅವರ ಬಾಯಿಂದ ನನಗೆ ಸಿಕ್ಕ ಮೊದಲ ಸರ್ ಅದು. ಸಾರು ಅದೇ ಸಣ್ಣ ಪಾತ್ರೆಯದು, ಸೌಟೂ ಅದೇ. ಮೊಟ್ಟೆ ಇರಲಿಲ್ಲ. ತಲೆ ತಗ್ಗಿಸಿ ತಿಂದು ಬಂದೆ. ಮುಂದಿನ ವಾರವೂ ಹಾಗೇ ಆಯಿತು. ಮೂರನೇ ವಾರ ನನ್ನಿಂದ ತಡೆಯಲಾಗಲಿಲ್ಲ.

"ಕಾಕ, ನಾಲ್ಕು ಬೈದುಬಿಡಿ."

ಅವರು ಕೈ ಒರೆಸಿಕೊಂಡು ಎದುರು ಕೂತರು.

"ಬೈಲಿಕ್ಕೆ ಎಂಥ ಉಂಟು ಮಾರಾಯ್ರೆ? ಪರಿಚಯ ಇಲ್ಲ ಅಂದದ್ದು ನನಗೆ ಅರ್ಥ ಆಗ್ತದೆ. ನನಗೂ ಮಾವ ಇದ್ರು. ಆದ್ರೆ ನೀವು ಇಂಗ್ಲಿಷಿನಲ್ಲಿ ಯಾಕೆ ಹೇಳಿದ್ದು? ಕನ್ನಡದಲ್ಲಿ 'ಯಾರು ನೀವು' ಅಂತ ಕೇಳಿದ್ರೆ ನಾನೂ ನಿಮ್ಮ ಸುಳ್ಳಿಗೆ ಸೇರಿಕೊಳ್ತಿದ್ದೆ. ಇಂಗ್ಲಿಷಿನಲ್ಲಿ ಹೇಳಿದಿರಿ ನೋಡಿ, ಆಗ ನಿಜವಾಗಿಯೂ ನಾನು ಯಾರೋ ಆಗಿಬಿಟ್ಟೆ."

ನಾನು ಏನೋ ಹೇಳಲು ಹೊರಟೆ. "ಖಲಾಸ್ ಭಟ್ರೇ, ತಿನ್ನಿ, ತಣ್ಣಗಾಗ್ತದೆ" ಎಂದು ಎದ್ದರು. ಮುಂದಿನ ವಾರದಿಂದ ಮೊಟ್ಟೆಯೂ ಬಂತು, ಭಟ್ರೇ ಎಂಬ ಕರೆಯೂ ಬಂತು. ಆದರೆ ಮನೆಯವರ ವಿಷಯ ಮಾತ್ರ ಅವರು ಮತ್ತೆ ಕೇಳಲೇ ಇಲ್ಲ. ಮಗಳಿಗೆ ಒಳ್ಳೇ ಮಾರ್ಕು ಬಂದಾಗ ನಾನಾಗಿಯೇ ಹೇಳಿದೆ. "ಸಂತೋಷ" ಎಂದರು, ಅಷ್ಟೇ. ಆ ಒಂದು ಶಬ್ದಕ್ಕೆ ನನಗೆ ನಾಚಿಕೆಯಾದಷ್ಟು ಯಾರು ಬೈದಿದ್ದರೂ ಆಗುತ್ತಿರಲಿಲ್ಲ.

ಕಳೆದ ವರ್ಷ ರಜೆಯಲ್ಲಿ ಊರಿಗೆ ಹೋದ ಕಾಕ ಅಲ್ಲೇ ತೀರಿಕೊಂಡರು. ಹೃದಯಾಘಾತವಂತೆ. ಊಟಕ್ಕೆ ಕೂತಿದ್ದಾಗ ಊರಿನವರ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೊ ಬಂತು. ನನ್ನ ಕೈ ನಿಂತದ್ದು ನೋಡಿ ಹೆಂಡತಿ ಮೊಬೈಲಿಗೆ ಬಗ್ಗಿದಳು.

"ಅಪ್ಪನಿಗೆ ಕಾಯಿ ಆರಿಸಿ ಕೊಟ್ಟವರಲ್ವಾ ಇವರು?"

ಆಗ ಎಲ್ಲ ಹೇಳಿದೆ. ಸೌಟು, ಮೊಟ್ಟೆ, ಆ ದಿನದ ಇಂಗ್ಲಿಷು, ಒಂದನ್ನೂ ಬಿಡಲಿಲ್ಲ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ.

"ಪರಿಚಯ ಇಲ್ಲದವರು ಭಟ್ರೇ ಅಂತ ಕರೀತಾರಾ? ಅಪ್ಪನಿಗೂ ಆವತ್ತೇ ಗೊತ್ತಾಗಿತ್ತು. ಪಾಪ, ಅಷ್ಟು ಪ್ರೀತಿಯಿಂದ ಮಾತಾಡಿಸಿದವರಿಗೆ ಅಳಿಯ ಯಾಕೆ ಹಾಗೆ ಹೇಳಿದ್ದು ಅಂತ ನನ್ನ ಹತ್ರ ಕೇಳಿದ್ರು."

ಅವಳು ಅನ್ನದ ಪಾತ್ರೆಗೆ ಮುಚ್ಚಳ ಹಾಕುತ್ತಾ ಮತ್ತೆ ಹೇಳಿದಳು.

"ಅಷ್ಟು ವರ್ಷ ನಿಮಗೆ ಬಡಿಸಿದವರು. ಎರಡು ಗಲ್ಲಿ ಆಚೆ ಇದ್ದರು. ಒಂದು ದಿನ ಮನೆಗೆ ಊಟಕ್ಕೆ ಕರೀಬಹುದಿತ್ತಲ್ಲ?"

ಅವರನ್ನು ಮನೆಗೆ ಕರೆಯಬೇಕು ಎಂಬ ಯೋಚನೆ, ಅಷ್ಟು ವರ್ಷದಲ್ಲಿ, ನನಗೆ ಒಂದು ಸಲವೂ ಬಂದಿರಲಿಲ್ಲ.